ಮಗ ಷಿಕಾಗೊದಲ್ಲಿ, ಮನೆ ಕುವೆಂಪುನಗರದಲ್ಲಿ: ಗ್ರೀನ್ ಕಾರ್ಡ್ ಮಾಡಿಸೋದೋ, ವಿಸಿಟರ್ ವೀಸಾದಲ್ಲೇ ಓಡಾಡೋದೋ?

ಕುಕ್ಕರಹಳ್ಳಿ ಏರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಲೆಕ್ಕ ಹಾಕೋರಿಗೆ ಅನುಕೂಲವಾಗಲಿ ಅಂತ ವಿವರ ಮೊದಲೇ ಕೊಡ್ತೀನಿ. ಯಜಮಾನರಿಗೆ 66, ನನಗೆ 62. ಅವರಿಗೆ ರಾಜ್ಯ ಸರ್ಕಾರದ ಪಿಂಚಣಿ ತಿಂಗಳಿಗೆ 62,000. ಸೀನಿಯರ್ ಸಿಟಿಜನ್ ಸ್ಕೀಮ್‌ನಲ್ಲಿ 15 ಲಕ್ಷ, ಬೇರೆ ಎಫ್‌ಡಿಗಳಿಂದ ವರ್ಷಕ್ಕೆ ಸುಮಾರು 2 ಲಕ್ಷ ಬಡ್ಡಿ, ಎಲ್ಲಾ ಅವರ ಹೆಸರಲ್ಲೇ. ಕುವೆಂಪುನಗರದಲ್ಲಿ 30-40ರ ಸೈಟಲ್ಲಿ ಸ್ವಂತ ಮನೆ. ಮಂಡ್ಯದ ಹತ್ತಿರ ಪಿತ್ರಾರ್ಜಿತ 1 ಎಕರೆ 20 ಗುಂಟೆ ಗದ್ದೆ. ಅವರಿಗೆ ಸ್ಟೆಂಟ್ ಹಾಕಿದೆ, ನನಗೆ ಶುಗರ್, ಬಿಪಿ.

ಮಗ ಈಚೆಗೆ ಅಮೆರಿಕದ ಸಿಟಿಜನ್ ಆದ. ಇಬ್ಬರಿಗೂ ಗ್ರೀನ್ ಕಾರ್ಡ್‌ಗೆ ಹಾಕ್ತೀನಿ, ಬಂದು ಇದ್ದುಬಿಡಿ ಅಂತಾನೆ. ಮಗಳು ಬೆಂಗಳೂರಲ್ಲಿದ್ದಾಳೆ. ಇಬ್ಬರಿಗೂ ಹತ್ತು ವರ್ಷದ ವಿಸಿಟರ್ ವೀಸಾ ಇದೆ, ಇನ್ನೂ ಬಳಸಿಲ್ಲ. ಗ್ರೀನ್ ಕಾರ್ಡ್ ತಗೊಂಡ್ರೆ ಪಿಂಚಣಿ, ತೆರಿಗೆ, ಆಸ್ಪತ್ರೆ ಖರ್ಚು ಏನಾಗುತ್ತೆ? ತಗೊಂಡು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರಬಹುದಾ? "ಮಕ್ಕಳ ಜೊತೆ ಇರೋದೇ ಭಾಗ್ಯ" ಅನ್ನೋ ಉತ್ತರ ನೆಂಟರಿಂದ ಬೇಕಾದಷ್ಟು ಬಂದಿದೆ. ದಯವಿಟ್ಟು ಲೆಕ್ಕ ಹೇಳಿ.

ದೊಡ್ಡಗಡಿಯಾರ:

ಮೇಡಂ, ಮಗ ಅರ್ಜಿ ಹಾಕೋ ಮುಂಚೆ ವಿಸಿಟರ್ ವೀಸಾದಲ್ಲಿ ಒಂದು ಸಲ ಹೋಗಿ ಬನ್ನಿ. ಹೋಗೋದು ಮೇ ತಿಂಗಳಲ್ಲಿ ಬೇಡ, ನವೆಂಬರ್‌ನಲ್ಲಿ ಹೋಗಿ. ನಮ್ಮೂರಿನವರೆಲ್ಲ ಬೇಸಿಗೆಯಲ್ಲಿ ಹೋಗ್ತಾರೆ. ಆಗ ಅಲ್ಲಿ ರಾತ್ರಿ ಎಂಟರವರೆಗೂ ಬೆಳಕಿರುತ್ತೆ, ಹಿತ್ತಲಲ್ಲಿ ಟೊಮ್ಯಾಟೊ ಬಿಡುತ್ತೆ, ಇಲ್ಲೇ ಇದ್ದುಬಿಡಬಹುದು ಅನ್ಸುತ್ತೆ. ಡಿಸೆಂಬರ್‌ನಲ್ಲಿ ಷಿಕಾಗೊದಲ್ಲಿ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಫುಟ್‌ಪಾತ್ ಮೇಲೆ ಮಂಜು ಗಾಜಿನ ಥರ ಗಟ್ಟಿಯಾಗಿರುತ್ತೆ, ಜಾರಿದ್ರೆ ಸೊಂಟದ ಮೂಳೆಗೇ ಬರುತ್ತೆ. ಊರಾಚೆ ಬಡಾವಣೆಯಾದ್ರೆ ಹಾಲು, ಸೊಪ್ಪು, ದೇವಸ್ಥಾನ ಎಲ್ಲಕ್ಕೂ ಮಗನ ಕಾರಿಗೆ ಕಾಯಬೇಕು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇದ್ದು ನೋಡಿದ ಮೇಲೂ ಮನಸ್ಸು ಒಪ್ಪಿದ್ರೆ ಆಗ ಅರ್ಜಿ ಮಾತು.

ಈ ಕ್ರಮಕ್ಕೆ ಇನ್ನೊಂದು ಕಾರಣ ಇದೆ. ಮಗ ನಿಮ್ಮ ಗ್ರೀನ್ ಕಾರ್ಡಿಗಾಗಿ ಐ-130 ಅರ್ಜಿ ಹಾಕಿದ ಮೇಲೆ "ಇವರಿಗೆ ಇಲ್ಲೇ ನೆಲೆಸೋ ಉದ್ದೇಶ" ಅನ್ನೋದು ದಾಖಲೆಯಲ್ಲಿರುತ್ತೆ. ಆಮೇಲೆ ವಿಸಿಟರ್ ವೀಸಾದಲ್ಲಿ ಹೋದ್ರೆ ಏರ್‌ಪೋರ್ಟಲ್ಲಿ ಅಧಿಕಾರಿ ಅದನ್ನೇ ಹಿಡಿದು ಕೇಳಬಹುದು, ವಾಪಸ್ಸೂ ಕಳಿಸಬಹುದು. ಹಾಗೇ ಆಗುತ್ತೆ ಅಂತಲ್ಲ, ಆದ್ರೆ ತೀರ್ಮಾನ ಅವರ ಕೈಲಿರುತ್ತೆ. ವೀಸಾ ಹತ್ತು ವರ್ಷದ್ದಾದ್ರೂ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾರೆ. ನೀವು ಹೊರಡಬೇಕಾದ ದಿನ ಐ-94 ದಾಖಲೆಯಲ್ಲಿರುತ್ತೆ, ವೀಸಾ ಮೇಲಿನ ತಾರೀಖು ನೋಡ್ಕೊಂಡು ಕೂರಬೇಡಿ.

ಇನ್ನು ಅರ್ಜಿ ವಿಷಯ. ಸಿಟಿಜನ್ ಆಗಿ 21 ತುಂಬಿದ ಮಕ್ಕಳು ಮಾತ್ರ ತಂದೆತಾಯಿಗೆ ಹಾಕಬಹುದು. ಇದಕ್ಕೆ ವರ್ಷಕ್ಕೆ ಇಷ್ಟೇ ಅನ್ನೋ ಮಿತಿ ಇಲ್ಲ. ಆದ್ರೆ ನಿಮ್ಮಿಬ್ಬರಿಗೂ ಬೇರೆ ಬೇರೆ ಐ-130 ಬೇಕು, ಒಂದರಲ್ಲಿ ಇನ್ನೊಬ್ಬರು ಸೇರಲ್ಲ. ನಿಮ್ಮ ಅರ್ಜಿಗೆ ನಿಮ್ಮ ಹೆಸರಿರೋ ಮಗನ ಜನನ ಪ್ರಮಾಣಪತ್ರ ಸಾಕು. ಯಜಮಾನರ ಅರ್ಜಿಗೆ ಅದರ ಜೊತೆ ನಿಮ್ಮಿಬ್ಬರ ಮದುವೆ ಪ್ರಮಾಣಪತ್ರವೂ ಬೇಕು.

ಮೈಸೂರು, ಮಂಡ್ಯದವರ ಫೈಲು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳೋದು ಹೆಸರುಗಳಲ್ಲಿ. ಮಗನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಲಿಂಗ "ಗಂಡು", ತಂದೆ ಹೆಸರು "ನಂಜಪ್ಪ" ಅಂತಿರುತ್ತೆ. ತಂದೆಯದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ನಂಜುಂಡಪ್ಪ ಎಂ.ಎಸ್.", ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ "ಮದ್ದೂರು ಸಿದ್ದಪ್ಪ ನಂಜುಂಡಪ್ಪ". ನಮ್ಮ ಕಣ್ಣಿಗೆ ಒಬ್ಬನೇ, ಅವರ ಕಣ್ಣಿಗೆ ಮೂರು ಜನ. ಮಗುವಿನ ಹೆಸರು ಸೇರಿಸಿದ ಹೊಸ ಪ್ರತಿಯನ್ನು ಜನನ-ಮರಣ ನೋಂದಣಿ ಕಚೇರಿಯಲ್ಲಿ ಪಡೀರಿ. ಉಳಿದ ವ್ಯತ್ಯಾಸಕ್ಕೆ "ಇವರಿಬ್ಬರೂ ಒಬ್ಬರೇ" ಅನ್ನೋ ನೋಟರಿ ಅಫಿಡವಿಟ್, ಜೊತೆಗೆ ಹಳೇ ಸರ್ವಿಸ್ ರಿಜಿಸ್ಟರ್ ಪುಟದ ನಕಲು ಇಡಿ. ಮದುವೆ ರಿಜಿಸ್ಟರ್ ಆಗಿಲ್ಲದಿದ್ರೆ ಈಗಲೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬಹುದು, ಲಗ್ನಪತ್ರಿಕೆ ಹುಡುಕಿಡಿ. ನಿಮ್ಮದೇ ಜನನ ನೋಂದಣಿ ಆಗಿಲ್ಲದಿದ್ರೆ ದಾಖಲೆ ಲಭ್ಯವಿಲ್ಲ ಅನ್ನೋ ಪ್ರಮಾಣಪತ್ರ, ಅಂಕಪಟ್ಟಿ, ನಿಮ್ಮ ಹುಟ್ಟು ಗೊತ್ತಿರೋ ಹಿರಿಯರ ಅಫಿಡವಿಟ್ ಬೇಕು. ಆ ಹಿರಿಯರು ಇರುವಾಗಲೇ ಬರೆಸಿಟ್ಕೊಳ್ಳಿ, ಇದನ್ನ ಕಟುವಾಗಿ ಹೇಳ್ತಿಲ್ಲ.

ಕೊನೆಗೆ ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಅವರು ಗೊತ್ತುಮಾಡಿದ ಡಾಕ್ಟರ ಹತ್ರ ಮೆಡಿಕಲ್, ಮುಂಬೈಯಲ್ಲಿ ಸಂದರ್ಶನ. ಎದೆ ಎಕ್ಸ್‌ರೇಯಲ್ಲಿ ಹಳೇ ಟಿಬಿ ಕಲೆ ಕಂಡ್ರೆ ಕಫದ ಕಲ್ಚರ್ ಮಾಡಿಸ್ತಾರೆ, ಅದಕ್ಕೇ ಎಂಟು ವಾರ ಹಿಡಿಯಬಹುದು. ಟಿಕೆಟ್ ಮೊದಲೇ ತೆಗೀಬೇಡಿ.

"ಆರು ಅಲ್ಲಿ, ಆರು ಇಲ್ಲಿ" ಬಗ್ಗೆ: ಗ್ರೀನ್ ಕಾರ್ಡ್ ಅಂದ್ರೆ ಅಲ್ಲೇ ವಾಸ ಅಂತ ಲೆಕ್ಕ. ಆರು ತಿಂಗಳು ದಾಟಿ ಹೊರಗಿದ್ರೆ ಪ್ರಶ್ನೆ ಬರುತ್ತೆ. ಒಂದು ವರ್ಷ ಅಥವಾ ಹೆಚ್ಚು ಹೊರಗಿದ್ರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗೋ ಹಾಗಿಲ್ಲ, ಮೊದಲೇ ರೀ-ಎಂಟ್ರಿ ಪರ್ಮಿಟ್ ಪಡೆದಿರಬೇಕು. ಅದು ಎರಡು ವರ್ಷದವರೆಗೆ ಸಿಗುತ್ತೆ, ಆದ್ರೆ ಅರ್ಜಿ ಹಾಕುವಾಗ ನೀವು ಅಮೆರಿಕದಲ್ಲೇ ಇರಬೇಕು. ವರ್ಷಕ್ಕೆ ಒಂದು ತಿಂಗಳು ತಲೆ ತೋರಿಸಿ ಬರೋದು ಕೆಲವು ಸಲ ನಡೆಯುತ್ತೆ, ಒಂದು ದಿನ ಕೌಂಟರಲ್ಲಿ ನಿಲ್ಲಿಸ್ತಾರೆ.

ಜಮಾ ಖರ್ಚು:

ತೆರಿಗೆ ಭಾಗ ನಾನು ಹೇಳ್ತೀನಿ. ಇಲ್ಲಿ ಎರಡು ಕಾನೂನು ಇವೆ, ಜನ ಒಂದೇ ಅಂದ್ಕೊಂಡು ಎಡವುತ್ತಾರೆ. ಆದಾಯ ತೆರಿಗೆಗೆ ಲೆಕ್ಕ ದಿನಗಳದ್ದು: ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ರೆಸಿಡೆಂಟ್. ವಿದೇಶಿ ಹಣದ ವ್ಯವಹಾರದ ಫೆಮಾ ಕಾನೂನು ನೋಡೋದು ಉದ್ದೇಶವನ್ನ: ಹೊರದೇಶದಲ್ಲಿ ಅನಿರ್ದಿಷ್ಟ ಕಾಲ ನೆಲೆಸೋಕೆ ಹೊರಟ್ರೆ ಆಗಿನಿಂದಲೇ ಎನ್‌ಆರ್‌ಐ. ವಿಸಿಟರ್ ವೀಸಾದಲ್ಲಿ ಆರು ತಿಂಗಳು ಮಗನ ಮನೆಯಲ್ಲಿ ಇದ್ದು ಬಂದ್ರೆ ಬ್ಯಾಂಕಿಗೆ ಏನೂ ಹೇಳಬೇಕಿಲ್ಲ. ಗ್ರೀನ್ ಕಾರ್ಡಲ್ಲಿ ನೆಲೆಸೋಕೆ ಹೋದ್ರೆ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಎನ್‌ಆರ್‌ಐಗಳ ರೂಪಾಯಿ ಖಾತೆ) ಮಾಡಿಸಲೇಬೇಕು. ಪಿಂಚಣಿ ಅದೇ ಖಾತೆಗೆ ಬರಬಹುದು, ನಿಲ್ಲಲ್ಲ.

ಈಗ ನಿಮ್ಮ ಲೆಕ್ಕ. ಪಿಂಚಣಿ 7,44,000. ಸೀನಿಯರ್ ಸ್ಕೀಮ್ ಬಡ್ಡಿ 8.2ರ ದರದಲ್ಲಿ 1,23,000. ಎಫ್‌ಡಿ 2,00,000. ಒಟ್ಟು 10,67,000. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ್ರೆ 9,92,000. ರೆಸಿಡೆಂಟ್ ಆಗಿದ್ರೆ 12 ಲಕ್ಷದೊಳಗಿನ ರಿಬೇಟ್‌ನಿಂದ ತೆರಿಗೆ ಸೊನ್ನೆ. ಎನ್‌ಆರ್‌ಐ ಆದ ತಕ್ಷಣ ಆ ರಿಬೇಟ್ ಇಲ್ಲ. 4ರಿಂದ 8 ಲಕ್ಷಕ್ಕೆ 5 ಪರ್ಸೆಂಟ್ ಅಂದ್ರೆ 20,000. ಮೇಲಿನ 1,92,000ಕ್ಕೆ 10 ಪರ್ಸೆಂಟ್ ಅಂದ್ರೆ 19,200. ಸೆಸ್ ಸೇರಿ 40,768 ರೂಪಾಯಿ. ಅದೇ ಪಿಂಚಣಿ, ಅದೇ ಬಡ್ಡಿ, ಬದಲಾಗಿದ್ದು ನಿಮ್ಮ ವಿಳಾಸ ಅಷ್ಟೇ.

ಎನ್‌ಆರ್‌ಒ ಎಫ್‌ಡಿ ಬಡ್ಡಿಗೆ ಬ್ಯಾಂಕು ನೇರವಾಗಿ 31.2 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತೆ, ಅಂದ್ರೆ 2 ಲಕ್ಷಕ್ಕೆ 62,400. ಟಿಡಿಎಸ್ ಬೇಡ ಅಂತ ಹಿರಿಯರು ಬರೆದುಕೊಡ್ತಾರಲ್ಲ, ಆ ಫಾರಂ ಎನ್‌ಆರ್‌ಐಗೆ ಇಲ್ಲ. ಹೆಚ್ಚಿಗೆ ಹಿಡಿದಿದ್ದನ್ನ ರಿಟರ್ನ್ ಹಾಕಿಯೇ ವಾಪಸ್ ಪಡೀಬೇಕು. ಸೀನಿಯರ್ ಸ್ಕೀಮ್, ಪಿಪಿಎಫ್ ಎರಡರಲ್ಲೂ ಎನ್‌ಆರ್‌ಐ ಹೊಸ ಖಾತೆ ತೆರೆಯೋ ಹಾಗಿಲ್ಲ.

ಅಮೆರಿಕದ ಕಡೆ ಇನ್ನೊಂದು ಕಂತು ಇದೆ. ಗ್ರೀನ್ ಕಾರ್ಡ್ ಇರೋರು ಪ್ರಪಂಚದಲ್ಲಿ ಎಲ್ಲೇ ದುಡಿದರೂ, ಎಲ್ಲೇ ಬಡ್ಡಿ ಬಂದರೂ ಅಲ್ಲಿ ತೋರಿಸಬೇಕು. ಇಲ್ಲಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದ್ರೂ ಎಫ್‌ಬಾರ್ ಅನ್ನೋ ವರದಿ ಕಡ್ಡಾಯ. ನಿಮ್ಮದು ಖಂಡಿತ ದಾಟುತ್ತೆ. ಅದರಲ್ಲಿ ತೆರಿಗೆ ಇಲ್ಲ, ಮರೆತ್ರೆ ದಂಡ ಮಾತ್ರ ಜೋರು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಸಿಗುತ್ತೆ. ಇಲ್ಲಿ ತೆರಿಗೆಯೇ ಇಲ್ಲದ ಪಿಪಿಎಫ್ ಬಡ್ಡಿ, ಗದ್ದೆ ಆದಾಯಕ್ಕೆ ಎಲ್ಲಿಂದ ಕ್ರೆಡಿಟ್ ಬರಬೇಕು? ಅದು ಅಲ್ಲಿ ಪೂರ್ತಿ ಆದಾಯವೇ. ಮ್ಯೂಚುವಲ್ ಫಂಡ್ ಇದ್ರೆ ಹೊರಡೋ ಮುಂಚೆ ತೆಗೆದುಬಿಡಿ. ಭಾರತದ ಫಂಡುಗಳಿಗೆ ಅಲ್ಲಿ ಪಿಎಫ್‌ಐಸಿ ಅನ್ನೋ ಬೇರೆ ನಿಯಮ ಇದೆ, ಫಂಡಿಗೊಂದು ಫಾರಂ ತುಂಬಿಸೋ ಖರ್ಚೇ ಕೆಲವು ಸಲ ಲಾಭ ನುಂಗುತ್ತೆ.

ಮನೆ ಮಾರೋ ಯೋಚನೆ ಇದ್ರೂ ರೆಸಿಡೆಂಟ್ ಆಗಿರುವಾಗಲೇ ಮಾರಿ. ಆಗ 50 ಲಕ್ಷ ಅಥವಾ ಹೆಚ್ಚಿನ ವ್ಯವಹಾರಕ್ಕೆ ಕೊಳ್ಳೋರು 1 ಪರ್ಸೆಂಟ್ ಟಿಡಿಎಸ್ ಹಿಡೀತಾರೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಗೆ ಇಂಡೆಕ್ಸೇಷನ್ (ಕೊಂಡ ಬೆಲೆಯನ್ನ ಹಣದುಬ್ಬರಕ್ಕೆ ತಕ್ಕಂತೆ ಏರಿಸೋದು) ಜೊತೆ 20 ಅಥವಾ ಅದಿಲ್ಲದೆ 12.5 ಪರ್ಸೆಂಟ್, ಯಾವುದು ಕಡಿಮೆಯೋ ಅದು. ಎನ್‌ಆರ್‌ಐಗೆ ಈ ಆಯ್ಕೆ ಇಲ್ಲ, 12.5 ಮಾತ್ರ. ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ರೆ ಲಾಭ ಎಷ್ಟೇ ಇರಲಿ, ಪೂರ್ತಿ ಮಾರಾಟದ ಮೊತ್ತದ ಮೇಲೆ ಟಿಡಿಎಸ್ ಹಿಡಿದುಬಿಡ್ತಾರೆ. ಬಾಡಿಗೆಗೂ ಇದೇ ಕಥೆ: ಮಾಲೀಕರು ಎನ್‌ಆರ್‌ಐ ಆದ್ರೆ ಬಾಡಿಗೆದಾರರು 31.2 ಪರ್ಸೆಂಟ್ ಹಿಡಿದು ಕಟ್ಟಬೇಕು. ಹತ್ತು ಸಾವಿರ ಬಾಡಿಗೆ ಕೊಡೋ ಹುಡುಗರಿಗೆ ಇದನ್ನ ಅರ್ಥ ಮಾಡಿಸಿ ನೋಡಿ.

ಪಿಂಚಣಿಗೆ ಪ್ರತಿ ನವೆಂಬರ್ ಜೀವಿತ ಪ್ರಮಾಣಪತ್ರ ಹೊರದೇಶದಲ್ಲಿದ್ರೂ ತಪ್ಪಲ್ಲ. ಭಾರತೀಯ ಕಾನ್ಸುಲೇಟ್ ಅಧಿಕಾರಿಯ ಸಹಿ ಹಾಕಿಸಿ ಬ್ಯಾಂಕಿಗೆ ಕಳಿಸಬೇಕು. ಷಿಕಾಗೊದಲ್ಲೇ ಕಾನ್ಸುಲೇಟ್ ಇರೋದು ನಿಮ್ಮ ಅದೃಷ್ಟ. ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ ಸಿಮ್ಮನ್ನ ಸಾಯಲು ಬಿಡಬೇಡಿ, 90 ದಿನ ಬಳಸದಿದ್ರೆ ನಂಬರ್ ಹೋಗಬಹುದು. ಒಟಿಪಿ ಬರದೆ ಸ್ವಂತ ದುಡ್ಡನ್ನೇ ಮುಟ್ಟೋಕಾಗದೆ ಕೂತವರು ಕಮ್ಮಿ ಇಲ್ಲ.

ಐದನೇ ಮೇನ್:

ದೊಡ್ಡಗಡಿಯಾರ ಅವರ ಚಳಿಗಾಲದ ಸಲಹೆ ಸರಿ. ಆದ್ರೆ "ಮೊದಲು ಹೋಗಿ ನೋಡಿ, ಆಮೇಲೆ ನೋಡೋಣ" ಅಂತ ಐದಾರು ವರ್ಷ ತಳ್ಳೋದು ತಪ್ಪು ಅಂತ ನನ್ನ ವಾದ. ಕಾರಣ ಮೆಡಿಕೇರ್, ಅಂದ್ರೆ ಅಮೆರಿಕದಲ್ಲಿ ಹಿರಿಯರಿಗಿರೋ ಸರ್ಕಾರಿ ಆರೋಗ್ಯ ವಿಮೆ.

65 ತುಂಬಿದ ಗ್ರೀನ್ ಕಾರ್ಡಿನವರು ದುಡ್ಡು ಕೊಟ್ಟು ಮೆಡಿಕೇರ್ ಕೊಳ್ಳಬಹುದು, ಆದ್ರೆ ಅಲ್ಲಿ ಸತತ ಐದು ವರ್ಷ ವಾಸ ಆಗಿರಬೇಕು. ಆ ಐದು ವರ್ಷ ಶುರುವಾಗೋದು ಅಲ್ಲಿ ನಿಜವಾಗಿ ವಾಸ ಶುರುಮಾಡಿದಾಗ. ಯಜಮಾನರು 67ಕ್ಕೆ ಹೋದ್ರೆ 72ಕ್ಕೆ ಸಿಗುತ್ತೆ. 77ಕ್ಕೆ ಹೋದ್ರೆ 82ಕ್ಕೆ, ಆಸ್ಪತ್ರೆ ಹೆಚ್ಚು ಬೇಕಾದ ವರ್ಷಗಳೆಲ್ಲ ಮಧ್ಯದಲ್ಲೇ ಕಳೆದುಹೋಗುತ್ತೆ. ಅಲ್ಲಿ ದುಡಿಮೆಯ 40 ಕ್ವಾರ್ಟರ್ (ಸುಮಾರು ಹತ್ತು ವರ್ಷ) ಇಲ್ಲದವರಿಗೆ ಬೆಲೆ ಸಸ್ತಾ ಅಲ್ಲ: 2025ರಲ್ಲಿ ಪಾರ್ಟ್ ಎ (ಆಸ್ಪತ್ರೆಗೆ) ತಿಂಗಳಿಗೆ 518 ಡಾಲರ್, ಪಾರ್ಟ್ ಬಿ (ಡಾಕ್ಟರ್ ಖರ್ಚಿಗೆ) 185 ಡಾಲರ್ ಇತ್ತು. ಒಬ್ಬರಿಗೆ 703, ಇಬ್ಬರಿಗೆ 1,406. ಯಜಮಾನರ ಇಡೀ ಪಿಂಚಣಿ ಹಾಕಿದ್ರೂ ಸಾಲಲ್ಲ. ಔಷಧಿಗೆ ಪಾರ್ಟ್ ಡಿ ಬೇರೆ.

ಆ ಐದು ವರ್ಷ ಏನು ಮಾಡೋದು? ಗ್ರೀನ್ ಕಾರ್ಡಲ್ಲಿ ಇಳಿದ 60 ದಿನದೊಳಗೆ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಪಾಲಿಸಿ ತಗೋಬಹುದು. ಹಳೇ ಕಾಯಿಲೆ ಇದೆ ಅಂತ ಅವರು ನಿರಾಕರಿಸೋ ಹಾಗಿಲ್ಲ. ಸ್ಟೆಂಟ್, ಶುಗರ್ ಇರೋ ನಿಮಗೆ ಗ್ರೀನ್ ಕಾರ್ಡಿನ ನಿಜವಾದ ಲಾಭ ಇದೇ. 60 ದಿನ ತಪ್ಪಿಸಿಕೊಂಡ್ರೆ ನವೆಂಬರ್‌ನ ನೋಂದಣಿವರೆಗೆ ಕಾಯಬೇಕು. ಮಗ ತನ್ನ ತೆರಿಗೆಯಲ್ಲಿ ನಿಮ್ಮನ್ನ ಅವಲಂಬಿತರು ಅಂತ ತೋರಿಸಿದ್ರೆ ಅವನ ಸಂಬಳವೂ ಲೆಕ್ಕಕ್ಕೆ ಬಂದು ಸಬ್ಸಿಡಿ ಕೈತಪ್ಪಬಹುದು. ಆ ಲೆಕ್ಕ ಮೊದಲೇ ಅವನ ಕೈಲಿ ಹಾಕಿಸಿ.

ವಿಸಿಟರ್ ವೀಸಾದಲ್ಲಿ ಕೊಳ್ಳೋ ಇನ್ಶೂರೆನ್ಸ್ ಬೇರೆ ಜಾತಿ. ಅದರಲ್ಲಿ "ಅಕ್ಯೂಟ್ ಆನ್‌ಸೆಟ್" ಅನ್ನೋ ಷರತ್ತು ಓದಿ: ಹಳೇ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿ, ತಕ್ಷಣ ಆಸ್ಪತ್ರೆಗೆ ಹೋದ್ರೆ ಮಾತ್ರ ಕೊಡ್ತಾರೆ. ಎಷ್ಟೋ ಪಾಲಿಸಿಗಳಲ್ಲಿ ಅದೂ 70 ವಯಸ್ಸಿನವರೆಗೆ ಮಾತ್ರ. ಶುಗರ್ ಮಾಮೂಲಿ ತಪಾಸಣೆ, ಮಾತ್ರೆ ಯಾವುದೂ ಬರಲ್ಲ. ಫಿಕ್ಸೆಡ್ ಬೆನಿಫಿಟ್ ಪಾಲಿಸಿ ತಗೋಬೇಡಿ, ಅದು ಪ್ರತಿ ಚಿಕಿತ್ಸೆಗೂ ಇಷ್ಟೇ ಡಾಲರ್ ಅಂತ ಕೊಟ್ಟು ಕೈ ತೊಳ್ಕೊಳ್ಳುತ್ತೆ, ಬಿಲ್ಲು ಅದರ ಹತ್ತು ಪಟ್ಟು ಇರುತ್ತೆ. ಕಾಂಪ್ರಿಹೆನ್ಸಿವ್ ಅಂತಲೇ ಕೇಳಿ ತಗೊಳ್ಳಿ. ಮಾತ್ರೆಗಳನ್ನ ಸ್ಟ್ರಿಪ್ಪಲ್ಲೇ, ಡಾಕ್ಟರ ಚೀಟಿ ಜೊತೆ ಒಯ್ಯಿರಿ, ಡಬ್ಬಿಗೆ ಸುರಿದುಕೊಳ್ಳಬೇಡಿ.

ಎರಡು ಎಚ್ಚರಿಕೆ. ಇಲ್ಲಿನ ಆರೋಗ್ಯ ವಿಮೆ ಯಾವ ಕಾರಣಕ್ಕೂ ಬಿಡಬೇಡಿ. ಬಿಟ್ಟು ವಾಪಸ್ ಬಂದ್ರೆ ಹಳೇ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೆ ಕಾಯಿಸಬಹುದು, ಸ್ಟೆಂಟ್ ಇದೆ ಅಂದ್ರೆ ಪಾಲಿಸಿಯೇ ಕೊಡದಿರಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಇನ್ನೊಂದು, ಮೆಡಿಕೇರ್ ಆಸ್ಪತ್ರೆ ಖರ್ಚು ಕೊಡುತ್ತೆ, ಆದ್ರೆ ಸ್ನಾನ ಮಾಡಿಸೋಕೆ, ಎಬ್ಬಿಸಿ ಕೂರಿಸೋಕೆ ದಿನಾ ಬೇಕಾಗೋ ಆಯಾಗೆ ಕೊಡಲ್ಲ. 80 ದಾಟಿದ ಮೇಲೆ ಹೆಚ್ಚು ಬೇಕಾಗೋದು ಅದೇ, ಮೈಸೂರಲ್ಲಿ ಕೈಗೆಟುಕೋದೂ ಅದೇ.

ಅದಕ್ಕೇ ನಾನು ಹೇಳೋದು, ಹೋಗೋದಾದ್ರೆ ಈ ಎರಡು ವರ್ಷದೊಳಗೆ ಹೋಗಿ. ಇಲ್ಲಾಂದ್ರೆ ಹೋಗೋದು ಬೇಡ ಅಂತ ಮಗನಿಗೆ ಹೇಳಿ, ವಿಸಿಟರ್ ವೀಸಾದಲ್ಲಿ ಓಡಾಡಿಕೊಂಡಿರಿ. 75ಕ್ಕೆ ತೀರ್ಮಾನ ಮಾಡ್ತೀವಿ ಅಂದ್ರೆ ಎರಡೂ ಕಡೆ ನಷ್ಟ.

ಕುಕ್ಕರಹಳ್ಳಿ ಏರಿ:

ಎಲ್ಲರಿಗೂ ಧನ್ಯವಾದ. ಪ್ರಿಂಟ್ ತೆಗೆದು ಯಜಮಾನರ ಕೈಗೆ ಕೊಟ್ಟೆ. ಅವರ ಪ್ರಶ್ನೆ ಗದ್ದೆ ಮೇಲೆ: ಮೈದುನನ ಮಗ ಉಳುತ್ತಿದ್ದಾನೆ, ಮಾತಿನ ಮೇಲೆ. ಹೋಗೋ ಮುಂಚೆ ಮಗನ ಹೆಸರಿಗೆ ಮಾಡಿಬಿಡೋಣ ಅಂತಾರೆ. ಸರಿಯಾ?

ನಾಲೆ ಕಟ್ಟೆ:

ಬೇಡಕ್ಕ, ಹಾಗೆ ಮಾಡ್ಬೇಡಿ. ಮಗ ಈಗ ಹೊರದೇಶದ ಪ್ರಜೆ. ಒಸಿಐ ಕಾರ್ಡ್ (ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡೋದು) ಇದ್ರೂ ವ್ಯವಸಾಯದ ಜಮೀನು ಕೊಂಡ್ಕೊಳ್ಳಂಗಿಲ್ಲ, ದಾನವಾಗೂ ತಗೊಳ್ಳಂಗಿಲ್ಲ. ಅಪ್ಪನಿಂದ ಉತ್ತರಾಧಿಕಾರದಲ್ಲಿ ಬಂದ್ರೆ ಇಟ್ಕೊಬೋದು. ಹಂಗಾಗಿ ದಾನಪತ್ರದ ಮಾತೇ ಬೇಡ. ಯಾರಿಗೆ ಏನು ಅಂತ ವಿಲ್ ಬರೆದು ಸಬ್ ರಿಜಿಸ್ಟ್ರಾರ್ ಕಚೇರೀಲಿ ರಿಜಿಸ್ಟರ್ ಮಾಡ್ಸಿ, ಮುಂದೆ ಪೌತಿ ಖಾತೆ (ತೀರ್ಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಬದಲಾಗೋದು) ಆಗ್ಲಿ. ಪಿತ್ರಾರ್ಜಿತ ಅಂದ್ಮೇಲೆ ಮಗಳಿಗೂ ಹಕ್ಕಿದೆ, ವಿಲ್ ಬರೆಯೋ ಮುಂಚೆ ಯಾವ ಭಾಗ ಯಾರದು ಅಂತ ವಕೀಲರ ಹತ್ರ ತಿಳ್ಕಳಿ. ನೀವಿಬ್ಬರು ಗ್ರೀನ್ ಕಾರ್ಡಲ್ಲಿದ್ರೂ ಭಾರತದ ಪ್ರಜೆಗಳೇ, ಇರೋ ಜಮೀನು ಇಟ್ಕೊಳ್ಳೋಕೆ ಅಡ್ಡಿ ಇಲ್ಲ. ಹೊಸದಾಗಿ ಕೊಂಡ್ಕೊಳ್ಳಂಗಿಲ್ಲ ಅಷ್ಟೆ. ಮಾರೋದಾದ್ರೆ ಇಲ್ಲಿ ವಾಸ ಇರೋ ಭಾರತೀಯರಿಗೇ ಮಾರ್ಬೇಕು.

ಮಾತಿನ ಮೇಲೆ ಉಳೋದು ಎಲ್ಲಿ ಕೆಡುತ್ತೆ ಅಂದ್ರೆ ಪಹಣೀಲಿ. 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿ, ಬೆಳೆ ಲೆಕ್ಕ. ನೀವು ಐದಾರು ವರ್ಷ ಆ ಕಡೆ ನೋಡದಿದ್ರೆ 12ರಲ್ಲಿ ಯಾರ ಹೆಸರು ಕೂತಿದೆ ಅನ್ನೋದು ಮಾರೋ ದಿನ ಗೊತ್ತಾಗುತ್ತೆ. ಭೂ ಸುಧಾರಣಾ ಕಾಯ್ದೇಲಿ ಗೇಣಿಗೆ ಕೊಡೋದಕ್ಕೇ ಸಾಮಾನ್ಯವಾಗಿ ಅವಕಾಶ ಇಲ್ಲ, ಹಂಗಾಗಿ ಗೇಣಿ ಕರಾರು ಅಂತ ಬರೆಸಿ ಭದ್ರ ಮಾಡ್ಕೊತೀನಿ ಅನ್ನೋದೂ ಆಗಲ್ಲ. ವರ್ಷಕ್ಕೆರಡು ಸಲ ಮಗಳ ಕೈಲಿ ಆನ್‌ಲೈನಲ್ಲಿ ಪಹಣಿ ತೆಗೆಸಿ ನೋಡಿ. ಕಬ್ಬಾದ್ರೆ ಕಾರ್ಖಾನೆ ಒಪ್ಪಿಗೆ ಯಾರ ಹೆಸರಲ್ಲಿದೆ, ದುಡ್ಡು ಯಾರ ಖಾತೆಗೆ ಬೀಳುತ್ತೆ ಅದನ್ನೂ ಕೇಳಿ. ಕಂದಾಯ ನಿಮ್ಮ ಹೆಸರಲ್ಲೇ ಕಟ್ಟಿ ರಸೀದಿ ಇಟ್ಕಳಿ. ಹುಡುಗ ಒಳ್ಳೇವ್ನೇ ಇರ್ಬೋದು, ನಾಳೆ ಅವನ ಮಕ್ಕಳಿಗೆ ಈ ಮಾತು ನೆನಪಿರುತ್ತಾ?

ಪವರ್ ಆಫ್ ಅಟಾರ್ನಿ ಮಗಳಿಗೆ ಕೊಡಿ, ಹೊರಡೋ ಮುಂಚೆ ಇಲ್ಲೇ ರಿಜಿಸ್ಟರ್ ಮಾಡ್ಸಿ. ಅಲ್ಲಿ ಹೋದ್ಮೇಲೆ ಅಂದ್ರೆ ಕಾನ್ಸುಲೇಟ್ ಮುಂದೆ ಸಹಿ, ಆ ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ, ಎರಡು ಕೆಲಸ. ಪವರ್ ಕೊಟ್ಟೋರು ತೀರ್ಕೊಂಡ್ರೆ ಅದೂ ಅಲ್ಲಿಗೇ ಮುಗೀತು, ವಿಲ್‌ಗೆ ಬದಲಿ ಅಲ್ಲ ಅದು.

ಗೋಕುಲಂ ಬಸ್ ಸ್ಟಾಪ್:

ಮಕ್ಕಳು ಬೇರೆ ದೇಶದಲ್ಲಿರೋರಿಗೆ ಎರಡು ಮಾತು. ಕೆನಡಾದ ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ಆರೋಗ್ಯ ವಿಮೆ ಬೇಕು, ಮಗನ ಆದಾಯ ನಿಗದಿತ ಮಟ್ಟ ಮುಟ್ಟಬೇಕು. ಆಸ್ಟ್ರೇಲಿಯಾದಲ್ಲಿ ಕಾಯಂ ಪೇರೆಂಟ್ ವೀಸಾಕ್ಕೆ ಮಕ್ಕಳಲ್ಲಿ ಅರ್ಧದಷ್ಟಾದ್ರೂ ಅಲ್ಲಿ ನೆಲೆಸಿರಬೇಕು ಅನ್ನೋ ಪರೀಕ್ಷೆ ಇದೆ (ಇಲ್ಲವೇ ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು ಮಕ್ಕಳು ಅಲ್ಲಿರಬೇಕು). ದೊಡ್ಡ ಶುಲ್ಕ ಕಟ್ಟದ ಸಾಲಿನಲ್ಲಿ ಕಾಯೋದು ದಶಕಗಳ ಮಾತು, ಅದನ್ನ ನಂಬಿ ಕೂರಬೇಡಿ. ಅಲ್ಲಿನ 870 ತಾತ್ಕಾಲಿಕ ವೀಸಾ ಮೂರು ಅಥವಾ ಐದು ವರ್ಷಕ್ಕೆ ಸಿಗುತ್ತೆ, ಒಟ್ಟು ಹತ್ತು ವರ್ಷ ಮೀರೋ ಹಾಗಿಲ್ಲ.

ದೊಡ್ಡಗಡಿಯಾರ:

ಐದನೇ ಮೇನ್ ಅವರ ವಾದ ಒಪ್ಪಿದೆ. ಹಾಗಾದ್ರೆ ಈ ನವೆಂಬರ್‌ಗೇ ಹೊರಡಿ ಮೇಡಂ, ಏಪ್ರಿಲ್‌ಗೆ ಬಂದು ತೀರ್ಮಾನ ಮಾಡಿ. ಹೆಸರಿನ ಕಾಗದಗಳನ್ನ ಈಗಲೇ ಸರಿಮಾಡಿಸಿ, ಹೋದ್ರೂ ಹೋಗದಿದ್ರೂ ಅವು ಕೆಲಸಕ್ಕೆ ಬರುತ್ತೆ.

ಮನೆ ಆರು ತಿಂಗಳು ಮುಚ್ಚೋದಕ್ಕೆ ಕೆಲವು ಸಣ್ಣ ಕೆಲಸ. ಸಿಲಿಂಡರ್‌ನಿಂದ ರೆಗ್ಯುಲೇಟರ್ ಬಿಚ್ಚಿಡಿ. ಫ್ರಿಜ್ ಖಾಲಿ ಮಾಡಿ, ಬಾಗಿಲಿಗೆ ಬಟ್ಟೆ ಸುರುಳಿ ಸಿಕ್ಕಿಸಿ ಅರೆ ತೆರೆದಿಡಿ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಛಾವಣಿಯ ಸೋಲಾರ್ ಗಾಜಿನ ಟ್ಯೂಬಿನದ್ದಾದ್ರೆ ನೀರು ಖಾಲಿ ಮಾಡಬೇಡಿ: ಒಣ ಟ್ಯೂಬು ಬಿಸಿಲಿಗೆ ಕಾದು ನಿಂತಿರುತ್ತೆ, ವಾಪಸ್ ಬಂದ ದಿನ ತಣ್ಣೀರು ಬಿಟ್ರೆ ಪಟ್ ಅಂತ ಒಡೆಯುತ್ತೆ. ಬಚ್ಚಲು, ಕಮೋಡ್, ಸಿಂಕ್ ಟ್ರ್ಯಾಪಿನ ನೀರು ಆರಿದ್ರೆ ಒಳಚರಂಡಿ ವಾಸನೆಯೂ ಜಿರಳೆಯೂ ಮೇಲೆ ಬರುತ್ತೆ. ಬೀಗ ಹಾಕೋ ದಿನ ಪ್ರತಿಯೊಂದಕ್ಕೂ ಒಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆವಿಯಾಗಲ್ಲ. ಏಪ್ರಿಲ್ ಮಳೆಗೆ ಮುಂಚೆ ಯಾರಾದ್ರೂ ಟೆರೇಸ್ ಪೈಪಿನ ಬಾಯಿಂದ ಎಲೆ ತೆಗೀಬೇಕು. ಮಗಳಿಗೆ ಒಂದು ಬೀಗದ ಕೈ ಕೊಡಿ, ಪಕ್ಕದ ಮನೆಯವರಿಗೂ ಒಂದು ಕೊಟ್ಟಿರಿ.